ಮೂರ್ಛೆಯಲ್ಲದ ಸೆಳವು: ಕಂಡವರನ್ನು ಕೇಳುವವರಿಲ್ಲ

ಬಸ್ ನಿಲ್ದಾಣದಲ್ಲೋ ಮದುವೆ ಮನೆಯಲ್ಲೋ ಯಾರಾದರೂ ಕುಸಿದು ಬಿದ್ದು ಕೈಕಾಲು ಬಡಿಯತೊಡಗಿದರೆ ನಮ್ಮ ಜನ ಮೊದಲು ಮಾಡುವ ಕೆಲಸ ಅವರ ಕೈಗೆ ಬೀಗದ ಕೈಗಳ ಗೊಂಚಲನ್ನು ತುರುಕುವುದು. ಎರಡನೆಯದು, ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು. ಕಬ್ಬಿಣಕ್ಕೂ ಮಿದುಳಿಗೂ ಯಾವ ಸಂಬಂಧವೂ ಇಲ್ಲ. ಬಹುತೇಕ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಕೀರ್ತಿ ಮಾತ್ರ ಕಬ್ಬಿಣಕ್ಕೆ ಸಲ್ಲುತ್ತದೆ. ಈ ಗಡಿಬಿಡಿಯಲ್ಲಿ ಬಿದ್ದವರ ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ಸೆಳವು ಎಷ್ಟು ಹೊತ್ತು ಇತ್ತು, ನಡುವೆ ನಿಂತು ಮತ್ತೆ ಶುರುವಾಯಿತೇ ಎಂಬುದನ್ನು ಯಾರೂ ಗಮನಿಸಿರುವುದಿಲ್ಲ. ಗಮನಿಸಿದ್ದರೂ ಆಸ್ಪತ್ರೆಯಲ್ಲಿ ಅದನ್ನು ಕೇಳಿ ಬರೆದುಕೊಳ್ಳುವವರು ವಿರಳ. ಬಿದ್ದವರ ಮುಂದಿನ ಹಲವು ವರ್ಷಗಳ ಬದುಕು ಈ ಸಣ್ಣ ವಿವರಗಳನ್ನು ಅವಲಂಬಿಸಿರಬಹುದು ಎಂಬ ಅರಿವು ನಮ್ಮ ಆರೋಗ್ಯ ವ್ಯವಸ್ಥೆಗೆ ಇನ್ನೂ ಸಾಕಷ್ಟು ಬಂದಿಲ್ಲ.

ಸೆಳವು ಎಂದರೆ ಮೂರ್ಛೆರೋಗ, ಮೂರ್ಛೆರೋಗ ಎಂದರೆ ಮಾತ್ರೆ. ಇದು ನಮ್ಮಲ್ಲಿ ರೂಢಿಯಾಗಿರುವ ಸಮೀಕರಣ. ಅಪಸ್ಮಾರದಲ್ಲಿ ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಏಕಾಏಕಿ ಅಂಕೆ ಮೀರುತ್ತದೆ. ಹೊರನೋಟಕ್ಕೆ ಅದರಂತೆಯೇ ಕಾಣುವ, ಆದರೆ ಆ ವಿದ್ಯುತ್ ಸ್ಫೋಟವಿಲ್ಲದ ಇನ್ನೊಂದು ಬಗೆಯ ಸೆಳವೂ ಇದೆ. ವೈದ್ಯಲೋಕ ಅದನ್ನು ಸೈಕೋಜೆನಿಕ್ ನಾನ್ ಎಪಿಲೆಪ್ಟಿಕ್ ಸೀಷರ್ಸ್ ಎನ್ನುತ್ತದೆ. ಈಚೆಗೆ ಫಂಕ್ಷನಲ್ ಸೀಷರ್ಸ್ ಎಂಬ ಹೆಸರೂ ಬಳಕೆಗೆ ಬಂದಿದೆ. ಕನ್ನಡದಲ್ಲಿ ಮನೋಜನ್ಯ ಸೆಳವು ಎನ್ನೋಣ. ಇದು ಅಪರೂಪದ ಸಂಗತಿಯೇನಲ್ಲ. ಮಾತ್ರೆಗಳಿಗೆ ಬಗ್ಗದ ಸೆಳವೆಂದು ವಿಶೇಷ ಅಪಸ್ಮಾರ ಕೇಂದ್ರಗಳಲ್ಲಿ ಒಳರೋಗಿಗಳಾಗಿ ತಪಾಸಣೆಗೆ ಒಳಗಾಗುವ ವಯಸ್ಕರಲ್ಲಿ ಐವರಲ್ಲೊಬ್ಬರಿಗೂ ಮಿಗಿಲಾದವರದು ಈ ಬಗೆಯದೆಂದು ಹಲವು ದೇಶಗಳ ಅನುಭವ ಹೇಳುತ್ತದೆ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಹಿಳೆಯರು. ಹೆಚ್ಚಿನವರಿಗೆ ಇದು ಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಆರಂಭವಾಗುತ್ತದೆ. ಜರ್ಮನಿಯ ಬಾನ್ ನಗರದ ವೈದ್ಯರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸೆಳವಿಗೂ ಸರಿಯಾದ ರೋಗನಿರ್ಣಯಕ್ಕೂ ನಡುವಿನ ಅಂತರ ಸರಾಸರಿ ಏಳು ವರ್ಷಕ್ಕೂ ಹೆಚ್ಚು. ಜರ್ಮನಿಯಂಥ ದೇಶದ ಸ್ಥಿತಿಯೇ ಇದಾದರೆ ನಮ್ಮ ತಾಲ್ಲೂಕು ಕೇಂದ್ರಗಳ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದವನು. ಈ ವಿಷಯ ನನ್ನ ಮುಂದೆ ಬಂದದ್ದೂ ಕಡತದ ರೂಪದಲ್ಲಿಯೇ. ನಾನು ಮುಖ್ಯಸ್ಥನಾಗಿದ್ದ ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ, ಪತಿಯ ಮರಣಾನಂತರ ಅನುಕಂಪದ ಆಧಾರದ ಮೇಲೆ ನೇಮಕಗೊಂಡ ಸಹಾಯಕಿಯೊಬ್ಬರಿದ್ದರು. ಕೆಲಸಕ್ಕೆ ಸೇರಿದ ವರ್ಷವೇ ಅವರಿಗೆ ಸೆಳವು ಕಾಣಿಸಿಕೊಂಡಿತ್ತು. ಅವರ ವೈದ್ಯಕೀಯ ವೆಚ್ಚ ಮರುಪಾವತಿಯ ಬಿಲ್ಲುಗಳು ಸಹಿಗಾಗಿ ನನ್ನ ಮೇಜಿಗೆ ಬರುತ್ತಿದ್ದವು. ಹಿಂದಿನ ವರ್ಷಗಳ ಬಿಲ್ಲುಗಳನ್ನೂ ಸೇರಿಸಿ ನೋಡಿದಾಗ ಒಂದು ಕ್ರಮ ಕಾಣುತ್ತಿತ್ತು. ಮೊದಲು ಒಂದು ಮಾತ್ರೆ, ಮುಂದಿನ ವರ್ಷ ಎರಡು, ಆಮೇಲೆ ಮೂರು. ಮಾತ್ರೆಗಳ ಜತೆಗೆ ಸೆಳವುಗಳೂ ಹೆಚ್ಚುತ್ತಿದ್ದವು. ಬೆಲೆ ಏರಿದರೂ ಬೇಡಿಕೆ ಏರುತ್ತಿದ್ದರೆ ಸರಕಿನ ಬಗ್ಗೆಯೇ ಸಂಶಯಪಡಬೇಕೆಂದು ನಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಚಿಕಿತ್ಸೆ ಫಲಿಸದಿದ್ದಾಗ ವೈದ್ಯರು ಸಂಶಯಪಟ್ಟದ್ದು ಮಾತ್ರೆಯ ಪ್ರಮಾಣವನ್ನು, ರೋಗನಿರ್ಣಯವನ್ನಲ್ಲ. ಆಕೆಯ ಒಸಡು ಊದಿಕೊಂಡಿತ್ತು. ಮಧ್ಯಾಹ್ನವಾದರೆ ತೂಕಡಿಕೆ. ಲೆಕ್ಕದ ಪುಸ್ತಕದಲ್ಲಿ ತಪ್ಪುಗಳಾಗಿ, ಕಾರಣ ಕೇಳುವ ನೋಟಿಸ್ ಕೂಡ ಒಮ್ಮೆ ಜಾರಿಯಾಗಿತ್ತು. ತೂಕಡಿಕೆಯೂ ಊದಿದ ಒಸಡೂ ಕಾಯಿಲೆಯವಲ್ಲ, ಮಾತ್ರೆಗಳವು.

ಆರೋಗ್ಯಸೇವೆಯ ಅರ್ಥಶಾಸ್ತ್ರಕ್ಕೆ ಬುನಾದಿ ಹಾಕಿದ ಕೆನೆತ್ ಆರೋ ಅವರ 1963ರ ಪ್ರಬಂಧದ ಮುಖ್ಯ ಎಳೆಯೊಂದು, ವೈದ್ಯನಿಗೂ ರೋಗಿಗೂ ನಡುವೆ ಇರುವ ಮಾಹಿತಿಯ ಅಸಮಾನತೆ. ವೈದ್ಯನಿಗೆ ಗೊತ್ತಿರುವುದು ರೋಗಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಈ ಮಾರುಕಟ್ಟೆ ತರಕಾರಿ ಮಾರುಕಟ್ಟೆಯಂತೆ ನಡೆಯದು. ಸೆಳವಿನ ವಿಷಯದಲ್ಲಿ ಪರಿಸ್ಥಿತಿ ಇದಕ್ಕಿಂತಲೂ ವಿಚಿತ್ರ. ತನಗೇನಾಯಿತೆಂದು ರೋಗಿ ನೋಡಿರುವುದಿಲ್ಲ. ಸೆಳವು ಬಂದಾಗ ವೈದ್ಯ ಅಲ್ಲಿರುವುದಿಲ್ಲ. ನೋಡಿದ್ದು ಮೂರನೆಯವರು: ತಾಯಿ, ಗಂಡ, ಸಹೋದ್ಯೋಗಿ, ಕೆಲವೊಮ್ಮೆ ಬಸ್ ಕಂಡಕ್ಟರ್. ಅತ್ಯಂತ ಮುಖ್ಯವಾದ ಮಾಹಿತಿ ಇರುವುದು ಅವರ ಬಳಿ. ಆದರೆ ಹೊರರೋಗಿ ವಿಭಾಗದ ಸರತಿಯಲ್ಲಿ ಅವರನ್ನು 'ನೀವು ಹೊರಗಿರಿ' ಎಂದು ಕಳುಹಿಸಲಾಗುತ್ತದೆ. ಒಳಗೆ ಹೋದ ರೋಗಿ 'ಫಿಟ್ಸ್ ಬಂತು ಸಾರ್' ಎನ್ನುತ್ತಾರೆ. ಚೀಟಿಯ ಮೇಲೆ ಅದೇ ಪದ ಬೀಳುತ್ತದೆ.

ಹಾಗಾದರೆ ಕಂಡವರು ಏನನ್ನು ಗಮನಿಸಬೇಕು? ದೇಹವಿಡೀ ಸೆಟೆದು ಅದುರುವ ಅಪಸ್ಮಾರದ ದೊಡ್ಡ ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಮೊದಲು ಮೈ ಬಿಗಿಯುತ್ತದೆ, ಆಮೇಲೆ ಒಂದೇ ಲಯದಲ್ಲಿ ಅದುರುತ್ತದೆ, ಅದುರುವಿಕೆಯ ನಡುವಣ ಅಂತರ ಹೆಚ್ಚುತ್ತ ಹೋಗಿ ನಿಲ್ಲುತ್ತದೆ. ಕಣ್ಣುಗಳು ಬಹುಮಟ್ಟಿಗೆ ತೆರೆದಿರುತ್ತವೆ. ಬಳಿಕ ಗೊರಗೊರ ಸದ್ದಿನ ಉಸಿರು, ಗೊಂದಲ, ನಿದ್ದೆ. ಮನೋಜನ್ಯ ಸೆಳವು ಐದು ನಿಮಿಷ, ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಎಳೆಯುತ್ತದೆ. ಏರುತ್ತದೆ, ಇಳಿಯುತ್ತದೆ, ನಿಂತಂತಾಗಿ ಮತ್ತೆ ಬರುತ್ತದೆ. ಕೈಕಾಲುಗಳು ತಾಳ ತಪ್ಪಿ ಬೇರೆ ಬೇರೆ ದಿಕ್ಕಿಗೆ ಹೊಯ್ದಾಡುತ್ತವೆ, ತಲೆ ಅತ್ತಿತ್ತ ಓಲಾಡುತ್ತದೆ, ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ; ರೆಪ್ಪೆ ಬಿಡಿಸಹೋದರೆ ಪ್ರತಿರೋಧ ಇರುತ್ತದೆ. ಸೆಳವಿನ ನಡುವೆಯೇ ಅಳು ಬರುವುದುಂಟು. ಕೆಲವರು ಕೈಕಾಲು ಆಡಿಸುವುದೇ ಇಲ್ಲ, ಕಣ್ಣು ಮುಚ್ಚಿ ಬಹಳ ಹೊತ್ತು ನಿಶ್ಚೇಷ್ಟಿತರಾಗಿ ಬಿದ್ದಿರುತ್ತಾರೆ. ಸುತ್ತಲಿನವರು ಆಡಿದ ಮಾತು ಅರೆಬರೆಯಾಗಿ ಕೇಳಿಸಿತೆಂದು ಆಮೇಲೆ ಹೇಳುವವರೂ ಇದ್ದಾರೆ. ಕಣ್ಣಿನ ಬಗ್ಗೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗಮನಾರ್ಹ. ಮನೋಜನ್ಯ ಸೆಳವಿನ 52 ರೋಗಿಗಳಲ್ಲಿ 50 ಮಂದಿಯ ಕಣ್ಣು ಮುಚ್ಚಿತ್ತು. ಅಪಸ್ಮಾರದ 156 ಮಂದಿಯಲ್ಲಿ 152 ಜನರ ಕಣ್ಣು ತೆರೆದಿತ್ತು.

ಇಷ್ಟನ್ನು ಓದಿ ಮನೆಯಲ್ಲೇ ತೀರ್ಪು ಕೊಡಲು ಹೊರಡುವವರಿಗೆ ಒಂದು ಎಚ್ಚರಿಕೆ ಅಗತ್ಯ. ಯಾವುದೇ ಒಂದು ಲಕ್ಷಣ ತಾನೊಂದೇ ನಿರ್ಣಾಯಕವಲ್ಲ. ಗಡಿಬಿಡಿಯಲ್ಲಿದ್ದ ಬಂಧುಗಳ ನೆನಪಿನಲ್ಲಿ ಕಣ್ಣಿನ ವಿವರ ಅದಲುಬದಲಾಗುವುದನ್ನು ಆನಂತರದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಮಿದುಳಿನ ಮುಂಭಾಗದಲ್ಲಿ ಹುಟ್ಟುವ ಅಪಸ್ಮಾರ, ನಿದ್ದೆಯಿಂದೆದ್ದು ಸೈಕಲ್ ತುಳಿದಂತೆ ಕಾಲು ಬಡಿಯುವ, ಚೀರುವ ರೂಪದಲ್ಲಿ ಬರಬಹುದು. ನೋಡುವವರಿಗೆ ಅದು ನಾಟಕವೆನಿಸುತ್ತದೆ, ಆದರೆ ಅದು ನಿಜವಾದ ಅಪಸ್ಮಾರ. ಹೃದಯದ ಬಡಿತ ಏರುಪೇರಾಗಿ ಕುಸಿದವರ ಮೈ ಕೂಡ ಕ್ಷಣಕಾಲ ಅದುರುತ್ತದೆ. ನಾಲಗೆಯ ಪಕ್ಕದ ಅಂಚು ಕಚ್ಚಿಹೋಗಿರುವುದು ಅಪಸ್ಮಾರದ ಕಡೆಗೆ ಬೆರಳು ತೋರಿಸುತ್ತದೆ ನಿಜ, ಆದರೆ ಬಟ್ಟೆ ಒದ್ದೆಯಾಗುವುದು, ಬಿದ್ದು ಗಾಯವಾಗುವುದು ಎರಡರಲ್ಲೂ ಉಂಟು. ಗಾಯವಾಗಿದೆ, ಆದ್ದರಿಂದ ಇದು ನಿಜವಾದ ಮೂರ್ಛೆ ಎಂಬ ತರ್ಕ ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ತೊಡಕಿನ ಸಂಗತಿಯೆಂದರೆ, ಮನೋಜನ್ಯ ಸೆಳವುಳ್ಳವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಅಪಸ್ಮಾರವೂ ಜತೆಗಿರುತ್ತದೆ. ಆದುದರಿಂದ ಅನುಮಾನ ಬಂದ ಮಾತ್ರಕ್ಕೆ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ಆ ಕೆಲಸ ವೈದ್ಯರದು.

ಇಇಜಿ ಮಾಡಿಸಿದರೆ ಎಲ್ಲವೂ ತಿಳಿದುಬಿಡುತ್ತದೆ ಎಂಬ ನಂಬಿಕೆಯೂ ಅಷ್ಟೇನೂ ಗಟ್ಟಿಯಲ್ಲ. ಅರ್ಧ ಗಂಟೆಯ ಸಾಮಾನ್ಯ ಇಇಜಿಯಲ್ಲಿ ನಿಜವಾದ ಅಪಸ್ಮಾರಿಗಳ ದಾಖಲೆಯೂ ಎಷ್ಟೋ ಬಾರಿ ಸಹಜವಾಗಿರುತ್ತದೆ. ಇತ್ತ, ಆರೋಗ್ಯವಂತರ ಇಇಜಿಯಲ್ಲಿ ಕಾಣುವ ನಿರುಪದ್ರವಿ ಗೆರೆಗಳನ್ನು ಅತಿಯಾಗಿ ಓದಿ ಅಪಸ್ಮಾರವೆಂದು ಬರೆಯುವುದೂ ನಡೆಯುತ್ತದೆ. ಒಮ್ಮೆ ಹಾಗೆ ಬರೆದ ವರದಿ ಕಡತ ಸೇರಿತೆಂದರೆ ಮುಂದಿನ ವೈದ್ಯರು ಅದನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಕಂದಾಯ ದಾಖಲೆಯಲ್ಲಿ ಒಮ್ಮೆ ಬಿದ್ದ ತಪ್ಪು ನಮೂದನ್ನು ತಿದ್ದಿಸಲು ರೈತ ಪಡುವ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಖಚಿತ ಪರೀಕ್ಷೆಯೆಂದರೆ ವಿಡಿಯೊ ಇಇಜಿ. ರೋಗಿಯನ್ನು ದಾಖಲಿಸಿಕೊಂಡು, ಸೆಳವು ಬಂದಾಗ ಅದರ ದೃಶ್ಯವನ್ನೂ ಮಿದುಳಿನ ವಿದ್ಯುತ್ ರೇಖೆಯನ್ನೂ ಏಕಕಾಲಕ್ಕೆ ದಾಖಲಿಸುವ ವಿಧಾನ ಅದು. ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ, ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಈ ಸೌಲಭ್ಯವುಂಟು. ಜಿಲ್ಲೆಗಳಲ್ಲಿ ಇದನ್ನು ಸದ್ಯಕ್ಕೆ ನಿರೀಕ್ಷಿಸುವಂತಿಲ್ಲ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟದ ತಜ್ಞರು ಇದನ್ನು ಅರಿತೇ 2013ರಲ್ಲಿ ರೋಗನಿರ್ಣಯವನ್ನು ಹಂತಗಳಾಗಿ ವಿಂಗಡಿಸಿದರು. ವಿಡಿಯೊ ಇಇಜಿ ಇಲ್ಲದ ಕಡೆ, ರೋಗಿಯ ಚರಿತ್ರೆ ಮತ್ತು ಕಂಡವರ ಸಾಕ್ಷ್ಯದ ಬಲದಿಂದ 'ಇರಬಹುದು' ಎಂಬಲ್ಲಿಗೆ, ಅನುಭವಿ ವೈದ್ಯರು ಸೆಳವಿನ ದೃಶ್ಯವನ್ನು ನೋಡಿ 'ಬಹುತೇಕ ಹೌದು' ಎಂಬಲ್ಲಿಗೆ ತಲುಪಬಹುದು.

ಬಡ ದೇಶಗಳ ಪಾಲಿಗೆ ದೊಡ್ಡ ಸಾಧನವಾಗಿ ಒದಗಿಬಂದಿರುವುದು ಜೇಬಿನಲ್ಲಿರುವ ಮೊಬೈಲ್. ಅಮೆರಿಕದ ಎಂಟು ಕೇಂದ್ರಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 44 ರೋಗಿಗಳ ಮನೆಯವರು ಮೊಬೈಲಿನಲ್ಲಿ ಸೆರೆಹಿಡಿದ ದೃಶ್ಯಗಳನ್ನಷ್ಟೇ ನೋಡಿ ತಜ್ಞರು, ಅದು ಅಪಸ್ಮಾರವೋ ಅಲ್ಲವೋ ಎಂಬುದನ್ನು ಶೇ 89ರಷ್ಟು ನಿಖರವಾಗಿ ಹೇಳಿದರು. ಛಾಯಾಗ್ರಹಣಕ್ಕೂ ಈ ಸೆಳವಿಗೂ ನಂಟು ಹಳೆಯದು. 1870 ಮತ್ತು 80ರ ದಶಕಗಳಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೆರ್ ಆಸ್ಪತ್ರೆಯಲ್ಲಿ ಪ್ರಸಿದ್ಧ ನರವಿಜ್ಞಾನಿ ಶಾರ್ಕೊ ಇಂಥ ರೋಗಿಗಳ ಛಾಯಾಚಿತ್ರಗಳನ್ನು ತೆಗೆಸಿದ್ದರು, ತುಂಬಿದ ಸಭೆಯಲ್ಲಿ ಅವರನ್ನು ಪ್ರದರ್ಶಿಸುತ್ತಲೂ ಇದ್ದರು. ಅಂದು ಅದಕ್ಕೆ ಹಿಸ್ಟೀರಿಯಾ ಎಂಬ ಹೆಸರು. ಗ್ರೀಕ್ ಭಾಷೆಯ ಗರ್ಭಕೋಶ ಎಂಬ ಪದದಿಂದ ಬಂದ ಆ ಹೆಸರು ನಮ್ಮ ಕೆಲವು ಹಳೆಯ ತಲೆಮಾರಿನ ವೈದ್ಯರ ನಾಲಗೆಯಿಂದ ಇನ್ನೂ ಹೋಗಿಲ್ಲ.

ನಮ್ಮ ಕಚೇರಿಯ ಆ ಹೆಣ್ಣುಮಗಳ ಪ್ರಕರಣದಲ್ಲಿ ತಿರುವು ಬಂದದ್ದೂ ಮೊಬೈಲಿನಿಂದಲೇ. ಅವರ ತಮ್ಮ ದಾಖಲಿಸಿದ ಏಳೆಂಟು ನಿಮಿಷಗಳ ದೃಶ್ಯವನ್ನು ನೋಡಿದ ನರರೋಗ ತಜ್ಞರೊಬ್ಬರು ವಿಡಿಯೊ ಇಇಜಿಗೆ ಕಳುಹಿಸಿದರು. ಸೆಳವು ನಡೆಯುತ್ತಿದ್ದಾಗಲೂ ಮಿದುಳಿನ ರೇಖೆ ಎಚ್ಚರದಲ್ಲಿರುವವರ ರೇಖೆಯಂತೆಯೇ ಇತ್ತು. ಆದರೆ ಪರೀಕ್ಷೆ ನಡೆದ ಆಸ್ಪತ್ರೆಯಲ್ಲಿ ಅವರಿಗೆ ದೊರೆತ ವಿವರಣೆ ಒಂದೇ ವಾಕ್ಯದ್ದು: 'ನಿಮಗೇನೂ ಇಲ್ಲ, ಎಲ್ಲ ಮನಸ್ಸಿನದು.' ಮರುದಿನ ನನ್ನ ಕೊಠಡಿಗೆ ಬಂದ ಆಕೆ ನಿಂತೇ ಇದ್ದರು. 'ಸಾರ್, ಹಾಗಾದರೆ ಆರು ವರ್ಷ ನಾನು ಸುಳ್ಳು ಹೇಳಿದೆ ಅಂತಲಾ?' ಎಂದು ಕೇಳಿದರು. ಆ ವಾರವೇ ಅವರ ರಜೆಯ ಕಡತ ಬಂತು. ಬಿಡುಗಡೆ ಪತ್ರದಲ್ಲಿ ಅಪಸ್ಮಾರವಿಲ್ಲ ಎಂದಿರುವುದರಿಂದ ಪರಿವರ್ತಿತ ರಜೆ ಮಂಜೂರು ಮಾಡಲು ಅವಕಾಶವಿಲ್ಲ ಎಂದು ವಿಷಯ ನಿರ್ವಾಹಕರು ಟಿಪ್ಪಣಿ ಬರೆದಿದ್ದರು. ಊಟದ ಕೋಣೆಯಲ್ಲಿ 'ನಾಟಕ' ಎಂಬ ಪದ ಓಡಾಡುತ್ತಿತ್ತು. ಅಪಸ್ಮಾರವಿಲ್ಲ ಎಂಬುದಕ್ಕೆ ಕಾಯಿಲೆಯಿಲ್ಲ ಎಂಬ ಅರ್ಥವಿಲ್ಲವೆಂದು ಕಡತದಲ್ಲಿ ಬರೆದು, ತಜ್ಞರಿಂದ ಮತ್ತೊಂದು ಪ್ರಮಾಣಪತ್ರ ತರಿಸಿಕೊಂಡು ರಜೆ ಮಂಜೂರು ಮಾಡಿದೆ. ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತಬಹುದೆಂದು ಕಚೇರಿ ವ್ಯವಸ್ಥಾಪಕರು ಹೆದರಿಸಿದರು, ಎತ್ತಲಿಲ್ಲ.

ಮನೋಜನ್ಯ ಸೆಳವು ಬೇಕೆಂದು ತಂದುಕೊಳ್ಳುವುದಲ್ಲ. ನಟಿಸುವವರು ಬೇರೆ, ಅಂಥವರು ಕಡಿಮೆ. ಅತಿಯಾದ ಒತ್ತಡಕ್ಕೆ, ಹೆದರಿಕೆಗೆ, ಹಳೆಯ ಆಘಾತದ ನೆನಪಿಗೆ ದೇಹ ತನ್ನ ಅರಿವು ಮೀರಿ ಕೊಡುವ ಉತ್ತರ ಅದು. ಹಲವರ ಹಿನ್ನೆಲೆಯಲ್ಲಿ ಬಾಲ್ಯದ ದೌರ್ಜನ್ಯ, ಮನೆಯೊಳಗಿನ ಹಿಂಸೆ, ಅಳಲು ಬಿಡುವಿಲ್ಲದೆ ಕಳೆದ ಸಾವು ಇರುತ್ತವೆ. ಎಲ್ಲರಲ್ಲೂ ಇರಲೇಬೇಕೆಂದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ, ಮಾನಸಿಕ ಕಾರಣ ಪತ್ತೆಯಾಗಲೇಬೇಕು ಎಂಬ ಷರತ್ತನ್ನು ಕೈಬಿಟ್ಟಿತು. ಸೆಳವು ಹೇಗಿದೆ ಎಂಬುದೇ ನಿರ್ಣಯಕ್ಕೆ ಆಧಾರ, ಯಾಕೆ ಬಂತು ಎಂಬುದಲ್ಲ. ಇಷ್ಟು ತಿಳಿದರೆ, 'ನಿನಗೇನು ಕಷ್ಟ ಹೇಳು' ಎಂದು ಮನೆಮಂದಿಯ ಮುಂದೆಯೇ ಕೆದಕುವ ಅಭ್ಯಾಸವೂ ತಪ್ಪೀತು. ಎರಡನೆಯ ಬಾರಿ ಅವರನ್ನು ನೋಡಿದ ಮನೋವೈದ್ಯರು ಬಳಸಿದ ಹೋಲಿಕೆ ನನಗೆ ಹಿಡಿಸಿತು: 'ನಿಮ್ಮ ಮನೆಯ ವೈರಿಂಗ್ ಸುಟ್ಟಿಲ್ಲಮ್ಮ. ಭಾರ ಹೆಚ್ಚಾದಾಗ ಟ್ರಿಪ್ ಆಗುತ್ತಿದೆ. ಟ್ರಿಪ್ ಆಗುವುದೂ ನಿಜ, ಕತ್ತಲೆಯೂ ನಿಜ.' ಮಾತ್ರೆಗಳನ್ನು ಅವರು ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಒಂದೊಂದಾಗಿ ಇಳಿಸಿದರು. ಈಗಲೂ ವರ್ಷಕ್ಕೆ ಒಂದೆರಡು ಬಾರಿ ಸೆಳವು ಬರುತ್ತದೆಯಂತೆ. ಹಿಂದೆ ವಾರಕ್ಕೆ ಎರಡು ಬಾರಿ ಬರುತ್ತಿತ್ತು.

ಚಿಕಿತ್ಸೆಯ ಬಗ್ಗೆ ಉತ್ಪ್ರೇಕ್ಷೆ ಬೇಡ. ಬ್ರಿಟನ್ನಿನಲ್ಲಿ 368 ವಯಸ್ಕರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಎಂಬ ಮನೋಚಿಕಿತ್ಸೆ ಪಡೆದವರ ಸೆಳವಿನ ಸಂಖ್ಯೆ, ಪಡೆಯದವರಿಗಿಂತ ಗಣನೀಯವಾಗಿ ಕಡಿಮೆಯಾಗಲಿಲ್ಲ. ಆದರೆ ಸೆಳವಿಲ್ಲದ ದಿನಗಳ ಸತತ ಅವಧಿ ಹೆಚ್ಚಿತು, ದಿನನಿತ್ಯದ ಬದುಕು ಸುಧಾರಿಸಿತು. ಎರಡೂ ಗುಂಪಿನವರಿಗೆ ರೋಗದ ಬಗ್ಗೆ ಗೌರವದಿಂದ, ಸ್ಪಷ್ಟವಾಗಿ ವಿವರಿಸಲಾಗಿತ್ತು ಎಂಬುದನ್ನು ಮರೆಯಬಾರದು. ಇನ್ನೊಂದು ಕಡೆ, ತಪ್ಪು ಚಿಕಿತ್ಸೆಯ ಬೆಲೆಯೇನೂ ಸಣ್ಣದಲ್ಲ. ಅಪಸ್ಮಾರಕ್ಕೆ ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ವಾಲ್‌ಪ್ರೊಯೇಟ್ ಅನ್ನು ಗರ್ಭಿಣಿಯರು ಸೇವಿಸಿದರೆ ಶಿಶುವಿಗೆ ಬೆನ್ನುಹುರಿಯ ದೋಷಗಳು, ಬುದ್ಧಿ ಬೆಳವಣಿಗೆಯ ತೊಂದರೆಗಳು ಬರುವ ಅಪಾಯವಿದೆ. ನಿಲ್ಲದ ಸೆಳವೆಂದು ತುರ್ತು ವಿಭಾಗಕ್ಕೆ ತಂದವರಿಗೆ ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಕೊಟ್ಟು, ಉಸಿರಾಟ ಕುಗ್ಗಿ, ಕೃತಕ ಉಸಿರಾಟದ ಯಂತ್ರಕ್ಕೆ ಹಾಕಿದ ನಿದರ್ಶನಗಳಿವೆ. ನಿಲ್ಲದ ಅಪಸ್ಮಾರಕ್ಕೆ ಯಾವ ಔಷಧ ಮೇಲು ಎಂದು ತಿಳಿಯಲು ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೇ, ಸೇರಿಸಿಕೊಂಡವರಲ್ಲಿ ಸುಮಾರು ಹತ್ತರಲ್ಲೊಬ್ಬರದು ಮನೋಜನ್ಯ ಸೆಳವಾಗಿತ್ತು.

ಕುಟುಂಬಗಳು 'ಫಿಟ್ಸ್' ಎಂಬ ಹೆಸರಿಗೇ ಅಂಟಿಕೊಳ್ಳುವುದಕ್ಕೂ ಕಾರಣವಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ವಿವಾಹಕ್ಕೆ ಅಡ್ಡಿಯೆಂದು ಹೇಳಿದ್ದ ಅಪಸ್ಮಾರವನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಆದರೆ ಮಾನಸಿಕ ಅಸ್ವಸ್ಥತೆಗೆ ಸಂಬಂಧಿಸಿದ ಷರತ್ತುಗಳು ಹಾಗೆಯೇ ಉಳಿದವು. ಮಗಳಿಗೆ ಮಿದುಳಿನ ಕಾಯಿಲೆ ಎಂದರೆ ಮರುಕ ಸಿಗುತ್ತದೆ, ಮನಸ್ಸಿನ ಕಾಯಿಲೆ ಎಂದರೆ ಸಂಬಂಧ ಮುರಿಯುತ್ತದೆ ಎಂಬುದು ತಂದೆತಾಯಿಯರ ಲೆಕ್ಕಾಚಾರ. ಇದನ್ನು ಅಜ್ಞಾನವೆಂದು ಹೀಗಳೆಯುವುದು ಸುಲಭ. ಅವರ ದೃಷ್ಟಿಯಿಂದ ಅದು ತರ್ಕಬದ್ಧ ನಿರ್ಧಾರವೇ. ಜಾತ್ರೆಯಲ್ಲಿ ಮೈಮೇಲೆ ದೇವರು ಬರುವವರಿಗೆ ಊರು ಕೈಮುಗಿಯುತ್ತದೆ, ಅದನ್ನು ಕಾಯಿಲೆಯೆನ್ನಲು ನಾನೂ ಹೋಗುವುದಿಲ್ಲ. ಕಚೇರಿಯಲ್ಲಿ, ಗಾರ್ಮೆಂಟ್ ಕಾರ್ಖಾನೆಯಲ್ಲಿ ಬೀಳುವವಳಿಗೆ ಆ ಮರ್ಯಾದೆಯೂ ಇಲ್ಲ.

ಹೊಸ ಯೋಜನೆಯೇನೂ ಇದಕ್ಕೆ ಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಅಪಸ್ಮಾರವೂ ಸೇರಿದಂತೆ ಮಿದುಳಿನ ಕಾಯಿಲೆಗಳಿಗಾಗಿ 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಆರಂಭಿಸಿತು. ಅದೇ ವರ್ಷ ಬಂದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮೆ ನೀಡಬೇಕೆಂದು ವಿಧಿಸಿದೆ. ಇವುಗಳ ನಡುವೆ ಸಂಪರ್ಕವಿಲ್ಲ ಎಂಬುದೇ ಕೊರತೆ. ನರರೋಗ ವಿಭಾಗ 'ನಮ್ಮದಲ್ಲ' ಎಂದು ಬರೆದ ದಿನವೇ ರೋಗಿ ಕೈತಪ್ಪಿಹೋಗುತ್ತಾರೆ. ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ದು, ನರರೋಗ ತಜ್ಞರ ಮುಂದಿನ ಭೇಟಿಯ ದಿನಾಂಕವನ್ನೂ ಅದೇ ಚೀಟಿಯಲ್ಲಿ ಬರೆದುಕೊಡುವ ಏರ್ಪಾಡು ಇಂದಿನ ಸಿಬ್ಬಂದಿಯಿಂದಲೇ ಸಾಧ್ಯ. ಸರ್ಕಾರಿ ನೌಕರರ ರಜೆ ಮತ್ತು ಮರುಪಾವತಿಯ ವಿಷಯದಲ್ಲಿ ಒಂದು ಸ್ಪಷ್ಟೀಕರಣ ಸುತ್ತೋಲೆ ಹೊರಟರೆ, ನಾನು ಕಂಡಂಥ ಟಿಪ್ಪಣಿಗಳು ನಿಲ್ಲುತ್ತವೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಸೆಳವಿನ ರೋಗಿಗೆ ಚೀಟಿ ಮಾಡಿಸುವಾಗಲೇ, ಜತೆಗೆ ಬಂದವರಿಗೆ ಒಂದು ಹಾಳೆ ಕೊಡಬಹುದು. ಎಷ್ಟು ಹೊತ್ತು ಇತ್ತು, ಕಣ್ಣು ಹೇಗಿತ್ತು, ಒಂದೇ ಲಯವೋ ಬಿಟ್ಟು ಬಿಟ್ಟು ಬಂತೋ, ನಿದ್ದೆಯಲ್ಲಿ ಬಂತೋ ಎಚ್ಚರದಲ್ಲೋ, ಮುಗಿದ ಮೇಲೆ ಗುರುತು ಹಿಡಿದರೇ, ಎಂಬ ಐದು ಪ್ರಶ್ನೆಗಳು ಸಾಕು. ಓದಲು ಬಾರದವರನ್ನು ದಾದಿಯರು ಕೇಳಿ ಬರೆದುಕೊಳ್ಳಲಿ. ಮುಂದಿನ ಬಾರಿ ಸೆಳವು ಬಂದಾಗ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆತರುವಂತೆಯೂ, ಸಾಧ್ಯವಾದರೆ ಮುಖ ಮತ್ತು ಇಡೀ ದೇಹ ಕಾಣುವಂತೆ ಮೊಬೈಲಿನಲ್ಲಿ ಚಿತ್ರೀಕರಿಸುವಂತೆಯೂ ಅದೇ ಹಾಳೆಯಲ್ಲಿ ಅಚ್ಚು ಹಾಕಿಸಬೇಕು. ಚಿತ್ರೀಕರಣಕ್ಕೆ ರೋಗಿಯ ಒಪ್ಪಿಗೆಯನ್ನು ಸೆಳವಿಲ್ಲದ ದಿನ ಮೊದಲೇ ಕೇಳಿಟ್ಟುಕೊಳ್ಳಬೇಕು. ದೃಶ್ಯವನ್ನು ವೈದ್ಯರಿಗಲ್ಲದೆ ಬೇರೆ ಯಾರಿಗೂ, ವಿಶೇಷವಾಗಿ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪುಗಳಿಗೆ, ಕಳುಹಿಸಕೂಡದೆಂಬ ಸಾಲನ್ನು ದಪ್ಪಕ್ಷರದಲ್ಲಿ ಸೇರಿಸಬೇಕು. ನಮ್ಮ ಕಚೇರಿಯ ಆ ಮಹಿಳೆಯ ದೃಶ್ಯವನ್ನು, ಅವರಿಗೆ ಗೊತ್ತಿಲ್ಲದೆ, ನಾಲ್ಕಾರು ಮಂದಿ ಸಹೋದ್ಯೋಗಿಗಳು ಅದಾಗಲೇ ನೋಡಿದ್ದರು.